ಹದಿಮೂರನೆಯ ಬ್ರೆಡ್ಡು

ಹಳೆಯ ಮಗ್ಗಿ ಪುಸ್ತಕಗಳ ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕವಿರುತ್ತಿತ್ತು. 12 ವಸ್ತುಗಳಿಗೆ 1 ಡಜನ್, 12 ಡಜನ್ನಿಗೆ 1 ಗ್ರೋಸು, 20 ವಸ್ತುಗಳಿಗೆ 1 ಸ್ಕೋರು, 24 ಹಾಳೆಗಳಿಗೆ 1 ದಸ್ತು, 20 ದಸ್ತಿಗೆ 1 ರೀಮು. ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸಿದ ಮಕ್ಕಳು ಇದನ್ನೂ ಅದೇ ರಾಗದಲ್ಲಿ ಒಪ್ಪಿಸಿ ಕುಳಿತುಬಿಡುತ್ತಿದ್ದರು. ಡಜನ್ ಎಂದರೇನೆಂದು ಅವರಿಗೆ ಬಾಳೆಹಣ್ಣಿನಿಂದ ಗೊತ್ತಿತ್ತು. ಗ್ರೋಸನ್ನು ಕಣ್ಣಾರೆ ಕಂಡವರು ಕಡಿಮೆ. ಅದು ಗುಂಡಿ, ಪೆನ್ಸಿಲ್ಲುಗಳ ಸಗಟು ವ್ಯಾಪಾರಿಗಳ ಮಾತು.

ಈ ಕೋಷ್ಟಕದೊಳಗೆ ಸೇರದೆ ಹೊರಗೇ ಉಳಿದ ಡಜನ್ ಒಂದಿದೆ. ಅದರಲ್ಲಿರುವುದು 12 ಅಲ್ಲ, 13. ಇಂಗ್ಲೆಂಡಿನವರು ಅದನ್ನು ‘ಬೇಕರಿಯವನ ಡಜನ್’ ಎಂದು ಕರೆಯುತ್ತ ಬಂದಿದ್ದಾರೆ. ಈ ಮಾತು ಅಲ್ಲಿನ ಬರವಣಿಗೆಯಲ್ಲಿ 16ನೆಯ ಶತಮಾನದ ಕೊನೆಯ ಹೊತ್ತಿಗೆ ಕಾಣಿಸಿಕೊಂಡಿತು. ಪದ್ಧತಿ ಮಾತಿಗಿಂತ ಹಳೆಯದು. ಡಜನ್ ಎಂದ ಮೇಲೆ ಹನ್ನೆರಡೇ ಇರಬೇಕಲ್ಲ, ಬೇಕರಿಯವನಿಗೆ ಮಾತ್ರ ಬೇರೆ ಲೆಕ್ಕವೇಕೆ ಎಂದು ಮಗುವೊಂದು ಕೇಳಿದರೆ ಮನೆಯಲ್ಲಿ ಉತ್ತರಿಸುವವರು ತಡವರಿಸುವುದು ಸಹಜ. ಉತ್ತರ ಹುಡುಕಲು ಏಳೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಮೊದಲು ಹನ್ನೆರಡರ ಮಾತು. ಹತ್ತು ಬೆರಳಿರುವ ಮನುಷ್ಯ ಹನ್ನೆರಡರ ಗುಂಪು ಕಟ್ಟಿದ್ದಕ್ಕೆ ಒಂದು ಅನುಕೂಲದ ಕಾರಣವಿದೆ. ಹತ್ತನ್ನು ಇಬ್ಬರಿಗೆ ಅಥವಾ ಐವರಿಗೆ ಸರಿಯಾಗಿ ಹಂಚಬಹುದು, ಅಷ್ಟೇ. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಮುರಿಯದೆ ಹಂಚಬಹುದು. ಬನ್ನು, ಬ್ರೆಡ್ಡು ಮಾರುವವನಿಗೆ ಇದಕ್ಕಿಂತ ಒಳ್ಳೆಯ ಸಂಖ್ಯೆ ಬೇಕೆ? ಇಂಗ್ಲೆಂಡಿನ ಹಳೆಯ ನಾಣ್ಯಪದ್ಧತಿಯಲ್ಲಿ 12 ಪೆನ್ನಿಗೆ 1 ಷಿಲಿಂಗ್ ಆಗಿದ್ದರಿಂದ ಇನ್ನೊಂದು ಸುಲಭವೂ ಇತ್ತು. ಒಂದಕ್ಕೆ ಎಷ್ಟು ಪೆನ್ನಿಯೋ ಡಜನ್ನಿಗೆ ಅಷ್ಟೇ ಷಿಲಿಂಗ್. ನಮ್ಮ ದೇಶದಲ್ಲೂ 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ 12 ಪೈಗೆ 1 ಆಣೆ ಇತ್ತು. ಒಂದಕ್ಕೆ ಮೂರು ಪೈ ಎಂದರೆ ಡಜನ್ನಿಗೆ ಮೂರಾಣೆ, ಗುಣಾಕಾರವೇ ಬೇಡ. ದಶಮಾಂಶ ನಾಣ್ಯ ಬಂದ ಮೇಲೆ ಈ ಉಪಾಯ ಹೋಯಿತು. ಡಜನ್ನಿಗೆ ನೂರು ರೂಪಾಯಿ ಎಂದರೆ ಒಂದಕ್ಕೆ ಎಂಟು ರೂಪಾಯಿ ಮೂವತ್ಮೂರು ಪೈಸೆ, ಮೇಲೊಂದಿಷ್ಟು ಚೂರು.

ಇನ್ನು ಹದಿಮೂರಕ್ಕೆ ಬರೋಣ. ಮೂರನೆಯ ಹೆನ್ರಿಯ ಕಾಲದಲ್ಲಿ, ಸುಮಾರು 1266ರಲ್ಲಿ ಬಂದದ್ದೆಂದು ಹೇಳಲಾಗುವ ಕಾನೂನೊಂದು ಇಂಗ್ಲೆಂಡಿನ ಬ್ರೆಡ್ಡು ಮತ್ತು ಏಲ್ ಎಂಬ ಪಾನೀಯದ ವ್ಯಾಪಾರವನ್ನು ಕಟ್ಟುಪಾಡಿಗೆ ತಂದಿತು. ಇದರ ವಿಶೇಷವೆಂದರೆ ಬ್ರೆಡ್ಡಿನ ಬೆಲೆ ಬದಲಾಗುತ್ತಿರಲಿಲ್ಲ, ತೂಕ ಬದಲಾಗುತ್ತಿತ್ತು. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲು ಭಾಗ. ಗೋಧಿ ಅಗ್ಗವಾದರೂ ತುಟ್ಟಿಯಾದರೂ ಫಾರ್ದಿಂಗ್ ಬ್ರೆಡ್ಡಿಗೆ ಒಂದು ಫಾರ್ದಿಂಗೇ. ಗೋಧಿ ಅಗ್ಗವಾದಾಗ ಬ್ರೆಡ್ಡು ದಪ್ಪ, ತುಟ್ಟಿಯಾದಾಗ ಸಣ್ಣ. ಒಂದು ಕ್ವಾರ್ಟರ್ ಗೋಧಿಗೆ 12 ಪೆನ್ನಿ ಇದ್ದರೆ ಒಂದು ಫಾರ್ದಿಂಗಿನ ಬಿಳಿ ಬ್ರೆಡ್ಡು 6 ಪೌಂಡ್ 16 ಷಿಲಿಂಗ್ ತೂಗಬೇಕೆಂದು ಆ ಕಾನೂನು ಹೇಳುತ್ತದೆ. ಆಗ ನಾಣ್ಯದ ಹೆಸರುಗಳೇ ತೂಕದ ಹೆಸರುಗಳೂ ಆಗಿದ್ದವು. ಇಂದಿನ ಲೆಕ್ಕದಲ್ಲಿ ಅದು ಎರಡು ಕಿಲೋಗೂ ಮೀರಿದ ತೂಕ.

ತೂಕ ಕಡಿಮೆಯಾದರೆ ದಂಡ. ತಪ್ಪು ದೊಡ್ಡದಾದರೆ ಅಥವಾ ಮರುಕಳಿಸಿದರೆ ಊರ ನಡುವೆ ತಲೆ, ಕೈಗಳನ್ನು ಹಲಗೆಯಲ್ಲಿ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಲಂಡನ್ ನಗರದ ಕಟ್ಟಳೆಗಳನ್ನೆಲ್ಲ ಜಾನ್ ಕಾರ್ಪೆಂಟರ್ 1419ರಲ್ಲಿ ಒಂದು ಗ್ರಂಥವಾಗಿ ಸೇರಿಸಿದ. ‘ಲಿಬೆರ್ ಆಲ್ಬಸ್’, ಅಂದರೆ ಬಿಳಿಯ ಪುಸ್ತಕ, ಎಂದು ಅದರ ಹೆಸರು. ಅದರ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದ ಬೇಕರಿಯವನ ಕೊರಳಿಗೆ ಅವನದೇ ಕಳ್ಳತೂಕದ ಬ್ರೆಡ್ಡನ್ನು ಕಟ್ಟಿ, ಅವನನ್ನು ತಡಿಕೆಯ ಮೇಲೆ ಹಾಕಿ ಜನ ಹೆಚ್ಚಿರುವ ಬೀದಿಗಳಲ್ಲಿ ಎಳೆಯಬೇಕು. ಎರಡನೆಯ ಸಲ ಒಂದು ಗಂಟೆ ಹಲಗೆಶಿಕ್ಷೆ. ಮೂರನೆಯ ಸಲ ಅವನ ಒಲೆಯನ್ನೇ ಕೆಡವಿ, ಆ ಕಸುಬನ್ನೇ ಬಿಡಿಸಬೇಕು.

ಶಿಕ್ಷೆ ಇಷ್ಟು ಕಠಿಣವಾಗಲು ಕಾರಣವಿರಲಿಲ್ಲವೆಂದಲ್ಲ. ಮನೆಯಲ್ಲಿ ಒಲೆಯಿಲ್ಲದ ಜನ ಹಿಟ್ಟು ಕಲಸಿ ತಂದು ಬೇಕರಿಯಲ್ಲಿ ಸುಡಿಸಿಕೊಳ್ಳುತ್ತಿದ್ದ ಕಾಲ. 1327ರಲ್ಲಿ ಜಾನ್ ಬ್ರಿಡ್ ಎಂಬ ಲಂಡನ್ನಿನ ಬೇಕರಿಯವನು ಹಿಟ್ಟು ನಾದುವ ಮೇಜಿನಲ್ಲಿ ಒಂದು ಗುಟ್ಟಿನ ಕಿಂಡಿ ಮಾಡಿಸಿದ್ದ. ಗಿರಾಕಿಯ ಕಣ್ಣೆದುರಿಗೇ ಮೇಜಿನ ಕೆಳಗೆ ಕುಳಿತ ಆಳು ಆ ಕಿಂಡಿಯಿಂದ ಹಿಟ್ಟನ್ನು ಚೂರು ಚೂರೇ ಇಳಿಸಿಕೊಳ್ಳುತ್ತಿದ್ದ. ಸಿಕ್ಕಿಬಿದ್ದದ್ದು ಅವನೊಬ್ಬನೇ ಅಲ್ಲ. ಬೇರೆ ಬೇಕರಿಗಳಲ್ಲೂ ಅಂಥ ಕಿಂಡಿಗಳು ಪತ್ತೆಯಾದವು.

ಆದರೆ ಮೋಸವಿಲ್ಲದವನಿಗೂ ಒಂದು ತೊಂದರೆಯಿತ್ತು. ಒಲೆಗೆ ಹೋದ ಹಿಟ್ಟಿನಲ್ಲಿರುವ ನೀರು ಆವಿಯಾಗಿ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಇಳಿದುಹೋಗುತ್ತದೆ. ಒಲೆಯ ಒಂದು ಮೂಲೆ ಹೆಚ್ಚು ಬಿಸಿ, ಇನ್ನೊಂದು ಕಡಿಮೆ. ಒಂದೇ ಅಳತೆಯ ಉಂಡೆಗಳು ಹೊರಬರುವಾಗ ಒಂದೇ ತೂಕದವಾಗಿರುವುದಿಲ್ಲ. ಪ್ರಾಮಾಣಿಕನೂ ತಪ್ಪಿತಸ್ಥನಾಗಬಹುದು. ಹೀಗಾಗಿ ಡಜನ್ನಿಗೆ ಒಂದನ್ನು ಮೇಲೆ ಹಾಕಿ ಕೊಟ್ಟುಬಿಟ್ಟರೆ ಒಟ್ಟು ತೂಕ ಎಂದಿಗೂ ಕಡಿಮೆಯಾಗದು ಎಂದು ಬೇಕರಿಯವರು ಕಂಡುಕೊಂಡರು ಎನ್ನುವುದು ಹದಿಮೂರರ ಬಗ್ಗೆ ಎಲ್ಲರೂ ಹೇಳುವ ಕಾರಣ. ಹೆದರಿಕೆಯಿಂದ ಹುಟ್ಟಿದ ಧಾರಾಳತನ ಅದು.

ಇನ್ನೊಂದು ಕಾರಣವೂ ಇದೆ. ಅದನ್ನು ಹೇಳುವವರು ಕಡಿಮೆ, ಆದರೆ ಲಂಡನ್ನಿನ ಆ ಬಿಳಿಯ ಪುಸ್ತಕದಲ್ಲೇ ಅದಕ್ಕೆ ಆಧಾರವಿದೆ. ಬೇಕರಿಯಿಂದ ಬ್ರೆಡ್ಡು ಕೊಂಡು, ಮನೆಮನೆಗೆ ಹೊತ್ತು ಮಾರುವ ಹೆಂಗಸರು ಅಲ್ಲಿದ್ದರು. ಬ್ರೆಡ್ಡಿನ ಬೆಲೆಯನ್ನು ಕಾನೂನೇ ಕಟ್ಟಿಹಾಕಿದ್ದರಿಂದ ಅವರು ಒಂದು ಕಾಸೂ ಏರಿಸಿ ಮಾರುವಂತಿರಲಿಲ್ಲ. ಫಾರ್ದಿಂಗಿಗೆ ಕೊಂಡದ್ದನ್ನು ಫಾರ್ದಿಂಗಿಗೇ ಮಾರಿದರೆ ಹೊತ್ತ ಕೂಲಿ ಎಲ್ಲಿಂದ ಬರಬೇಕು? ಅದಕ್ಕಾಗಿ ಅವರಿಗೆ ಹನ್ನೆರಡರ ಹಣಕ್ಕೆ ಹದಿಮೂರು ಕೊಡುವ ಪದ್ಧತಿಯಿತ್ತು. ಹದಿಮೂರನೆಯದು ದಾನವೂ ಅಲ್ಲ, ಭಯದ ಕಾಣಿಕೆಯೂ ಅಲ್ಲ. ಅದೇ ಅವರ ಸಂಪಾದನೆ.

ಇಲ್ಲಿ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಬಹುದು. ಒಬ್ಬಾಕೆ 12 ಫಾರ್ದಿಂಗ್, ಅಂದರೆ 3 ಪೆನ್ನಿ ಕೊಟ್ಟು 13 ಬ್ರೆಡ್ಡು ಕೊಳ್ಳುತ್ತಾಳೆ. ಎಲ್ಲವೂ ಮಾರಿಹೋದರೆ ಕೈಗೆ 13 ಫಾರ್ದಿಂಗ್. ಲಾಭ ಒಂದು ಫಾರ್ದಿಂಗ್. ಹಾಗಾದರೆ ಒಂದು ಪೆನ್ನಿ ಸಂಪಾದಿಸಲು ಅವಳು ಎಷ್ಟು ಬ್ರೆಡ್ಡು ಹೊರಬೇಕು? ನಾಲ್ಕು ಹದಿಮೂರು ಐವತ್ತೆರಡು. ಹಾಕಿದ ಬಂಡವಾಳದ ಮೇಲೆ ಲಾಭ ಎಷ್ಟು? ಹನ್ನೆರಡರಲ್ಲೊಂದು, ಶೇಕಡಾ 8.33. ಹೊತ್ತ ಮಾಲಿನಲ್ಲಿ ಅವಳ ಪಾಲು ಎಷ್ಟು? ಹದಿಮೂರರಲ್ಲೊಂದು, ಶೇಕಡಾ 7.69. ಎರಡೂ ಸರಿ, ಯಾವುದರ ಮೇಲೆ ಲೆಕ್ಕ ಎಂದು ಹೇಳದೆ ಶೇಕಡಾ ಹೇಳಿದರೆ ಮಾತ್ರ ತಪ್ಪು. ಕೊನೆಯದಾಗಿ, ಒಂದು ಬುಟ್ಟಿಯ ಹದಿಮೂರರಲ್ಲಿ ಒಂದೇ ಒಂದು ಮಾರಾಟವಾಗದೆ ಒಣಗಿಹೋದರೆ? ಬಂಡವಾಳವಷ್ಟೇ ಹಿಂದಕ್ಕೆ ಬಂತು, ದಿನವಿಡೀ ನಡೆದ ನಡಿಗೆ ಪುಕ್ಕಟೆ. ಎರಡು ಉಳಿದರೆ ಕೈಯಿಂದಲೇ ಹೋಯಿತು. ಬೇಕರಿಯವನಿಗೆ ಮೇಲಿನ ಒಂದಾದದ್ದು ಅವಳಿಗೆ ಕಟ್ಟಕಡೆಯ ಒಂದು.

ಎರಡು ಬಗೆಯ ಡಜನ್ನುಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು ಕಷ್ಟವೇನಲ್ಲ. ಬೇಕರಿಯವನ 5 ಡಜನ್ ಎಂದರೆ 65. ಅದು ಸಾಮಾನ್ಯ ಲೆಕ್ಕದಲ್ಲಿ 5 ಡಜನ್ ಮತ್ತು 5. ಅವನ 8 ಡಜನ್ ಎಂದರೆ 8 ಡಜನ್ ಮತ್ತು 8. ಹನ್ನೊಂದರವರೆಗೂ ಇದೇ ಸೂತ್ರ. ಹನ್ನೆರಡಕ್ಕೆ ಬಂದಾಗ ಮೇಲಿನ ಹನ್ನೆರಡೂ ಸೇರಿ ತಾವೇ ಒಂದು ಡಜನ್ ಆಗುತ್ತವೆ. ಬೇಕರಿಯವನ 12 ಡಜನ್ ಎಂದರೆ ಲೋಕದ 13 ಡಜನ್, ಒಟ್ಟು 156. ಗ್ರೋಸಿನ ವಿಷಯದಲ್ಲಿ ಒಂದು ಮೋಜಿದೆ. ಬೇಕರಿಯವನ 11 ಡಜನ್ ಎಂದರೆ 143, ಗ್ರೋಸಿಗೆ ಸರಿಯಾಗಿ ಒಂದು ಕಡಿಮೆ. ಇದು ಆಕಸ್ಮಿಕವಲ್ಲ. ಒಂದು ಸಂಖ್ಯೆಯ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದರೆ ಅದರ ವರ್ಗಕ್ಕಿಂತ ಒಂದು ಕಡಿಮೆ ಬರುತ್ತದೆಂದು ಪ್ರೌಢಶಾಲೆಯ ಬೀಜಗಣಿತದಲ್ಲಿ ಎಲ್ಲರೂ ಕಲಿತಿರುತ್ತಾರೆ. ಹನ್ನೊಂದು, ಹನ್ನೆರಡು, ಹದಿಮೂರರಲ್ಲಿ ಅದೇ ಸೂತ್ರ ಬ್ರೆಡ್ಡಿನ ರೂಪದಲ್ಲಿ ಕುಳಿತಿದೆ.

ಮುಂದೆ ಬ್ರೆಡ್ಡಿನ ಗಾತ್ರಗಳಿಗೂ ಹೆಸರು ಬಂದವು. 18ನೆಯ ಶತಮಾನದಲ್ಲಿ 280 ಪೌಂಡಿನ ಒಂದು ಮೂಟೆ ಹಿಟ್ಟಿಗೆ 20 ‘ಪೆಕ್’ ಬ್ರೆಡ್ಡು ಅಥವಾ 80 ‘ಕ್ವಾರ್ಟರ್ನ್’ ಬ್ರೆಡ್ಡು ಎಂದು ಲೆಕ್ಕ. ಒಂದು ಕ್ವಾರ್ಟರ್ನ್ ಬ್ರೆಡ್ಡಿನ ತೂಕ 4 ಪೌಂಡ್ 5½ ಔನ್ಸ್. ಅದನ್ನು 80ರಿಂದ ಗುಣಿಸಿದರೆ 347½ ಪೌಂಡ್. ಹಿಟ್ಟು 280 ಪೌಂಡ್ ತಾನೆ, ಉಳಿದ 67½ ಪೌಂಡ್ ಎಲ್ಲಿಂದ ಬಂತು? ಬಹುಪಾಲು ನೀರಿನಿಂದ. ಎಷ್ಟು ನೀರು ಉಳಿಸಿಕೊಂಡರೆ ಅಷ್ಟು ಬ್ರೆಡ್ಡು ಹೆಚ್ಚು. 1836ರ ಕಾನೂನು ಇಂಗ್ಲೆಂಡಿನಲ್ಲಿ ಬ್ರೆಡ್ಡನ್ನು ತೂಗಿಯೇ ಮಾರಬೇಕೆಂದು ವಿಧಿಸಿತು. ತಕ್ಕಡಿ ಕಟ್ಟೆಯ ಮೇಲೆ ಬಂದ ಮೇಲೆ ಹದಿಮೂರನೆಯ ಬ್ರೆಡ್ಡಿಗೆ ಹಳೆಯ ಕೆಲಸ ಉಳಿಯಲಿಲ್ಲ, ಹೆಸರು ಉಳಿಯಿತು.

ಹೆಸರು ಉಳಿದು ಒಳಗಿನ ಅಳತೆ ಬದಲಾಗುವುದು ಎಲ್ಲೆಡೆ ಉಂಟು. ಬ್ರಿಟನ್ನಿನಲ್ಲಿ ಯುದ್ಧದ ನಂತರ ಗೋಧಿ ಸಾಲದೆ 1946ರಲ್ಲಿ 2 ಪೌಂಡಿನ ಬ್ರೆಡ್ಡನ್ನು 28 ಔನ್ಸಿಗೆ ಇಳಿಸಿದರು. ಅದರ ಅರ್ಧ 14 ಔನ್ಸ್, ಸುಮಾರು 400 ಗ್ರಾಂ. ನಮ್ಮ ಊರುಗಳ ಅಯ್ಯಂಗಾರ್ ಬೇಕರಿಗಳಲ್ಲಿ ಹಿರಿಯರು ಇಂದಿಗೂ “ಒಂದು ಪೌಂಡ್ ಬ್ರೆಡ್ ಕೊಡಿ” ಎನ್ನುತ್ತಾರೆ. ಪೌಂಡ್ ಎಂದರೆ 453 ಗ್ರಾಂ ಮೇಲೆ. ಕೈಗೆ ಬರುವ ಪೊಟ್ಟಣದ ಮೇಲೆ ಸಾಮಾನ್ಯವಾಗಿ 400 ಗ್ರಾಂ ಎಂದಿರುತ್ತದೆ. ರೀಮಿನ ಕಥೆ ಇದಕ್ಕೆ ತಿರುಗುಮುರುಗು. ಕೋಷ್ಟಕದಲ್ಲಿ 480 ಹಾಳೆ, ಇಂದಿನ ಅಂಗಡಿಯಲ್ಲಿ 500. ಅಗ್ಗದ ಬಿಸ್ಕತ್ತಿನ ಪೊಟ್ಟಣವಂತೂ ಹೆನ್ರಿಯ ಕಾಲದ ಫಾರ್ದಿಂಗ್ ಬ್ರೆಡ್ಡಿನ ಖಾಸಾ ತಮ್ಮ. ಮೇಲಿನ ಬೆಲೆ ವರ್ಷಗಟ್ಟಲೆ ಐದು ರೂಪಾಯಿಯೇ, ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಇಷ್ಟು ಬೆಲೆಯ ಗೋಧಿಗೆ ಇಷ್ಟು ತೂಕ ಎಂದು ಅಂದು ಕಾನೂನು ಸಾರಿ ಹೇಳುತ್ತಿತ್ತು. ಇಂದು ಸಣ್ಣಕ್ಷರದಲ್ಲಿರುವುದನ್ನು ಕೊಂಡವರೇ ಓದಿಕೊಳ್ಳಬೇಕು.

ಹದಿಮೂರನೆಯದಕ್ಕೆ ಕನ್ನಡದಲ್ಲಿ ಹತ್ತಿರದ ಮಾತೊಂದಿದೆ: ಕೊಸರು. ಸೊಪ್ಪಿನವಳು ಕಟ್ಟುಗಳನ್ನು ಎಣಿಸಿ ಕೊಟ್ಟ ಮೇಲೆ ನಾಲ್ಕು ಎಳೆ ಕೊತ್ತಂಬರಿ ಮೇಲೆ ಹಾಕುತ್ತಾಳೆ. ಹಾಕದಿದ್ದರೆ ಗಿರಾಕಿ ಕೇಳಿ ಹಾಕಿಸಿಕೊಳ್ಳುತ್ತಾರೆ. ಎಣಿಕೆಯೊಳಗೆ ಬಾರದ, ಆದರೆ ವ್ಯಾಪಾರದೊಳಗೆ ಬರುವ ವಸ್ತು ಅದು. ಲಂಡನ್ನಿನ ಹದಿಮೂರನೆಯ ಬ್ರೆಡ್ಡಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಮೇಲಿನದು ಬಡ ಮಾರಾಟಗಾರ್ತಿಯ ಬುಟ್ಟಿಗೆ ಸೇರುತ್ತಿತ್ತು. ಇಲ್ಲಿ ಅವಳ ಬುಟ್ಟಿಯಿಂದ ಹೊರಗೆ ಹೋಗುತ್ತದೆ.

ಮಕ್ಕಳಿಗೆ ಡಜನ್, ಗ್ರೋಸುಗಳ ಲೆಕ್ಕ ಹೇಳಿಕೊಡುವ ಅಪ್ಪ ಅಮ್ಮಂದಿರು ಗುಣಾಕಾರ ಮುಗಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಬಹುದು. ಈ ಡಜನ್ ಯಾರದು? ಮೇಲಿನ ಒಂದು ಯಾರ ಪಾಲಿಗೆ? ಇವಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರ ಕೊಟ್ಟಿರುವುದಿಲ್ಲ. ಸಂತೆಗೆ ಹೋಗುವಾಗ ಮಗುವನ್ನೂ ಜೊತೆಗೆ ಕರೆದುಕೊಂಡು ಹೋದರೆ, ಸೊಪ್ಪಿನವಳು ಒಂದು ಬುಟ್ಟಿ ಮಾರಿ ಎಷ್ಟು ಉಳಿಸುತ್ತಾಳೆಂದು ಅದೇ ಲೆಕ್ಕ ಹಾಕಿ ಹೇಳೀತು. ಅಂದು ಮನೆಯವರು ಕೊಸರು ಕೇಳುವ ಮೊದಲು ಒಂದು ಗಳಿಗೆ ಯೋಚಿಸಲೂಬಹುದು.