ಪ್ರಸಾದ ಬಿಟ್ಟು ಓಡಿದವಳು

ಪ್ರೇಮದ ಕಾದಂಬರಿಯನ್ನು ಮಲಗಿಕೊಂಡು ಓದಬಹುದು, ದೇವರ ಪುಸ್ತಕವನ್ನು ಮಾತ್ರ ಕೈಕಾಲು ತೊಳೆದು ಕೂತೇ ಓದಬೇಕು ಎಂಬುದು ನಮ್ಮ ಮನೆಗಳ ಕಟ್ಟಳೆ. ಒಂದರ ಜಾಗ ದಿಂಬಿನ ಕೆಳಗೆ, ಇನ್ನೊಂದರದು ದೇವರ ಗೂಡಿನಲ್ಲಿ. ಈ ಮಳೆಗಾಲದಲ್ಲಿ ಎರಡು ಬಗೆಯವನ್ನೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂಬಂತೆ ಓದಿದೆ. ಓದುತ್ತಾ ಹೋದಂತೆ ಇವರಿಬ್ಬರೂ ಒಂದೇ ಬೀದಿಯ ಎದುರುಬದುರು ಮನೆಯವರು ಎನಿಸತೊಡಗಿತು. ಹೆಂಗಸು ಹೇಗೆ ಪ್ರೀತಿಸಬೇಕು ಎಂದು ಇಬ್ಬರೂ ಪಾಠ ಹೇಳುತ್ತಾರೆ. ಹೆದರಿಸಿ ಹೇಳುವುದರಲ್ಲಂತೂ ಒಬ್ಬರಿಗಿಂತ ಒಬ್ಬರು ಮುಂದು.

ಸತ್ಯನಾರಾಯಣ ವ್ರತದ ಕಥೆಯನ್ನೇ ನೋಡಿ. ಎಷ್ಟು ಸಲ ಕೇಳಿಲ್ಲ ನಾವು! ಆದರೆ ಪುರೋಹಿತರು ಓದುವಾಗ ನಮ್ಮ ಅರ್ಧ ಮನಸ್ಸು ಒಳಗೆ ಎಷ್ಟು ಎಲೆ ಹಾಕಬೇಕು ಎಂಬ ಲೆಕ್ಕದಲ್ಲಿರುತ್ತದೆ. ಪುಸ್ತಕ ಹಿಡಿದು ನಿಧಾನವಾಗಿ ಓದಿದಾಗಲೇ ಕಲಾವತಿ ನನಗೆ ಸರಿಯಾಗಿ ಕಂಡದ್ದು. ವ್ಯಾಪಾರಕ್ಕೆ ಹೋದ ಅಪ್ಪ, ಗಂಡ ಇಬ್ಬರೂ ಪರದೇಶದಲ್ಲಿ ಸೆರೆಯಾಗಿ, ಇತ್ತ ಮನೆ ಬರಿದಾಗಿ, ತಾಯಿ ಮಗಳು ಹೊಟ್ಟೆಗಿಲ್ಲದೆ ಒದ್ದಾಡಿದ ಮೇಲೆ ಒಂದು ದಿನ ದೋಣಿ ದಡಕ್ಕೆ ಬಂತೆಂಬ ಸುದ್ದಿ ಬರುತ್ತದೆ. ಪೂಜೆ ಮುಗಿಸಿದ ಹುಡುಗಿ ಪ್ರಸಾದವನ್ನು ಬಾಯಿಗೆ ಹಾಕಿಕೊಳ್ಳದೆ ಗಂಡನನ್ನು ನೋಡಲು ಓಡುತ್ತಾಳೆ. ಅಷ್ಟಕ್ಕೇ ದೋಣಿ ಗಂಡನ ಸಮೇತ ಮುಳುಗುತ್ತದೆ. ಮನೆಗೆ ಹಿಂತಿರುಗಿ ಪ್ರಸಾದ ತಿಂದು ಬಂದ ಮೇಲೆಯೇ ಅವನು ಅವಳಿಗೆ ದಕ್ಕುವುದು.

ಇದರಲ್ಲಿ ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು ಸಂಗತಿ. ಇದೇ ಕಥೆಯ ಸಾಧು ಶೆಟ್ಟಿ, ಅಂದರೆ ಅವಳಪ್ಪ, ಮಕ್ಕಳಾದರೆ ವ್ರತ ಮಾಡುತ್ತೇನೆ ಎಂದು ಹರಕೆ ಹೊತ್ತವನು. ಮಗಳು ಹುಟ್ಟಿದಳು, ಮದುವೆಯಲ್ಲಿ ಮಾಡಿದರಾಯಿತು ಎಂದ. ಮದುವೆಯಾಯಿತು, ಮರೆತ. ಅವನಿಗೆ ದೇವರು ಕೊಟ್ಟ ವಾಯಿದೆ ವರ್ಷಗಟ್ಟಲೆ. ಮಗಳಿಗೆ ಒಂದು ಗಳಿಗೆಯೂ ಇಲ್ಲ! ಭಕ್ತಿಯ ವಿಷಯದಲ್ಲೂ ಗಂಡಸರ ಸಾಲಕ್ಕೆ ಒಂದು ಬಡ್ಡಿ, ಹೆಂಗಸರದಕ್ಕೆ ಇನ್ನೊಂದೇ? ಇದನ್ನು ನಮ್ಮ ಮಹಿಳಾ ಸಮಾಜದಲ್ಲಿ ಕೇಳಿದಾಗ ಹಿರಿಯರೊಬ್ಬರು, “ಕಥೆಯನ್ನು ಕಥೆಯಂತೆ ಕೇಳಮ್ಮ, ಲೆಕ್ಕ ಹಾಕಬೇಡ” ಎಂದರು. ಹುಷಾರಾಗಿರಲಿ ಎಂದೇ ಹೇಳಿದ ಕಥೆಯ ಲೆಕ್ಕ ಹಾಕದಿರುವುದು ಹೇಗೆ? ನಾನು ಈಗಲೂ ಕಲಾವತಿಯ ಪರವೇ. ಅಷ್ಟು ಕಷ್ಟಪಟ್ಟ ಹುಡುಗಿ ಓಡದೆ ಇನ್ನೇನು ಮಾಡಬೇಕಿತ್ತು?

ಎದುರು ಮನೆಯ ಪ್ರೇಮ ಕಾದಂಬರಿಗೆ ಬರೋಣ. ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಿಂದ ಓದುತ್ತ ಬಂದವಳು ನಾನು. ಅವನ್ನು ಹೀಗಳೆದರೆ ನನ್ನ ಮಧ್ಯಾಹ್ನಗಳನ್ನೇ ಹೀಗಳೆದಂತೆ. ಆದರೂ ಮೊನ್ನೆ ಓದಿದ ಮೂರರಲ್ಲಿ ಎರಡಕ್ಕೆ ಕಾಫಿ ತೋಟದ ಒಡೆಯನೇ ನಾಯಕ. ಮಾತು ಕಡಿಮೆ, ಸಿಟ್ಟು ಜಾಸ್ತಿ. ನಾಯಕಿ ಒಂದು ಮಾತು ಎದುರಾಡಿದಳೋ, ಅನುಮತಿ ಕೇಳದೆ ತವರಿಗೆ ಹೋದಳೋ, ಮುಂದಿನ ನೂರು ಪುಟ ಅವಳಿಗೆ ಕಣ್ಣೀರು. ಕೊನೆಗೆ ಕ್ಷಮೆ ಕೇಳಿದಾಗ ಅವನು ಮುಗುಳ್ನಗುತ್ತಾನೆ, ದೇವಸ್ಥಾನದ ಗಂಟೆ ಬಾರಿಸುತ್ತದೆ. ಇದು ಕಲಾವತಿಯ ದೋಣಿಯಲ್ಲದೆ ಮತ್ತೇನು? ವ್ರತದ ಪುಸ್ತಕದಲ್ಲಿ ಮುನಿಯುವವನು ದೇವರು, ಇಲ್ಲಿ ಗಂಡ. ಕಡೆಯಲ್ಲಿ ಅಲ್ಲೊಂದು ಫಲಶ್ರುತಿ, ಇಲ್ಲೊಂದು ಮದುವೆ ಮಂಟಪ.

ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೊಮ್ಮೆ ಕೈಗೆತ್ತಿಕೊಂಡದ್ದು ಈ ಬೇಸರದಲ್ಲೇ. 1971ರ ಪುಟ್ಟಣ್ಣ ಕಣಗಾಲರ ಚಿತ್ರದಿಂದಾಗಿ ಕಾವೇರಿ ಎಂದೊಡನೆ ಕಲ್ಪನಾ ಮುಖವೇ ಕಣ್ಣಿಗೆ ಕಟ್ಟುತ್ತದೆ. ಓದುವಾಗ ಅದನ್ನು ಪಕ್ಕಕ್ಕಿಡಲು ಸ್ವಲ್ಪ ಹೊತ್ತು ಬೇಕಾಯಿತು. ಬಾಣಂತನದಲ್ಲಿ ಬುದ್ಧಿಭ್ರಮಣೆಯಾಗಿ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬಂದವಳನ್ನು ಮನೆಯೂ ಊರೂ ರೋಗಿಯೆಂದೇ ನೋಡುತ್ತವೆ. ಬೇರೆ ಕಾದಂಬರಿಗಳಲ್ಲಿ ಹೆಂಡತಿ ಹೆದರಿದರೆ ಇಲ್ಲಿ ಅವಳನ್ನು ಕಂಡು ಮಿಕ್ಕವರು ಹೆದರುತ್ತಾರೆ. ಹೆದರಿಕೆ ಕಾಲಿಟ್ಟ ಮನೆಯಲ್ಲಿ ಪ್ರೀತಿ ಎಷ್ಟು ದಿನ ನಿಂತೀತು ಎಂಬುದನ್ನು ತ್ರಿವೇಣಿ ಗಂಟೆ ಬಾರಿಸದೆ ಹೇಳಿದರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರೇ ತೀರಿಕೊಂಡರೆಂಬುದು ನೆನಪಾದರೆ ಪುಟ ತಿರುಗಿಸುವ ಕೈ ತಡೆಯುತ್ತದೆ.

ದೇವರ ಪುಸ್ತಕಗಳೆಲ್ಲ ಹೆದರಿಸುತ್ತವೆ ಎಂದರೆ ಅನ್ಯಾಯವಾದೀತು. ವರಮಹಾಲಕ್ಷ್ಮಿ ಕಥೆಯ ಚಾರುಮತಿ ಇದ್ದಾಳಲ್ಲ! ಕನಸಿನಲ್ಲಿ ಬಂದ ದೇವಿಯ ಮಾತನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮನೆಯವರಿಗೂ ಊರ ಹೆಂಗಸರಿಗೂ ಹೇಳುತ್ತಾಳೆ. ಎಲ್ಲರೂ ಸೇರಿ ಪೂಜೆ ಮಾಡಿ ಪ್ರದಕ್ಷಿಣೆ ಬರುವಾಗ ಕಾಲಿಗೆ ಗೆಜ್ಜೆ, ಕೈಗೆ ಕಂಕಣ ತಾವಾಗಿ ಬರುತ್ತವೆ. ಅವಳೊಬ್ಬಳಿಗಲ್ಲ, ಎಲ್ಲರಿಗೂ. ಯಾರ ದೋಣಿಯೂ ಮುಳುಗುವುದಿಲ್ಲ. ಒಡವೆಯ ಆಸೆಯ ಕಥೆ ಎಂದು ನಗುವವರು ನಗಲಿ, ನನಗೆ ಇಷ್ಟ.

ಇನ್ನು ಅಕ್ಕಮಹಾದೇವಿ. ಅವಳ ಕಥೆಯಲ್ಲಿ ಪ್ರೇಮದ ಪುಸ್ತಕ, ದೇವರ ಪುಸ್ತಕ ಎಂಬ ಎರಡು ಕಪಾಟೇ ಇಲ್ಲ. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಅವನು ಮಾತು ಮುರಿದಾಗ ಹೊರಟುಬಿಡುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ಮದುವೆಯಾಗಿತ್ತೇ ಇಲ್ಲವೇ ಎಂದು ವಿದ್ವಾಂಸರು ವಾದಿಸಿದ್ದೇ ವಾದಿಸಿದ್ದು. ಮದುವೆಯಾಗಿದ್ದರೆ ಅವಳ ಭಕ್ತಿಗೆ ಕುಂದೇನೋ ಎಂಬ ಅಳುಕು ಕೆಲವರ ಮಾತಿನಲ್ಲಿ ಇಣುಕುತ್ತದೆ. ನನಗೆ ಹರಿಹರನ ಮಹಾದೇವಿಯೇ ಹೆಚ್ಚು ಹತ್ತಿರ. ಸಂಸಾರವನ್ನು ಒಳಗಿನಿಂದ ಕಂಡು, ಬೇಡವೆಂದು, ಅರಮನೆಯಿಂದ ಶ್ರೀಶೈಲದ ದಾರಿ ಹಿಡಿದವಳು ಆಕೆ. ಚೆನ್ನಮಲ್ಲಿಕಾರ್ಜುನನೊಡನೆ ಅವಳು ಜಗಳವಾಡಬಲ್ಲಳು, ಹಂಬಲಿಸಬಲ್ಲಳು. ಹೆದರುವುದು ಮಾತ್ರ ಇಲ್ಲ.

ಎಲ್ಲರೂ ಶ್ರೀಶೈಲಕ್ಕೆ ಹೊರಡಲಾಗುತ್ತದೆಯೇ ಎಂದು ನೀವು ಕೇಳುತ್ತೀರಿ. ಅದಕ್ಕೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಕಡೆಗೆ ಉಳಿಸಿಕೊಂಡೆ. 1976ರ ಕಾದಂಬರಿ; ಇಂದಿರಾ ಅವರ ಬಂಧುವರ್ಗದ ಹಿರಿಯರೊಬ್ಬರ ಬಾಳೇ ಇದಕ್ಕೆ ಮೂಲ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮನ ಪಾಲಿಗೆ ಪ್ರೇಮ ಎಂಬುದು ಬರಲೇ ಇಲ್ಲ. ಮಡಿ, ಒಪ್ಪತ್ತು, ಜಪ ಎಲ್ಲವನ್ನೂ ಚಾಚೂ ತಪ್ಪದೆ ನಡೆಸಿದ ಆಕೆ, ಹೆರಿಗೆ ಕಷ್ಟವಾದ ಕೇರಿಯ ಹೆಣ್ಣಿಗೆ ನೆರವಾಗಲು ಮಡಿಯನ್ನು ಬದಿಗಿಟ್ಟು ಹೋಗುತ್ತಾರೆ. ಹರೆಯದ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದಾಗ ಮಿಕ್ಕವರು ಬೆಂಕಿಯಾದರೂ ಇವರು ಆ ಹುಡುಗಿಯ ಕಡೆಗೇ ನಿಲ್ಲುತ್ತಾರೆ. ತಾನು ಅನುಭವಿಸಿದ್ದನ್ನು ಅವಳೂ ಅನುಭವಿಸಲಿ ಎಂಬ ಹಟ ಆ ಜೀವಕ್ಕಿಲ್ಲ. ಪ್ರಸಾದ ಬಿಟ್ಟು ಓಡಿದ ಕಲಾವತಿ ಇವರ ಮನೆಯ ಹುಡುಗಿಯಾಗಿದ್ದರೆ, “ಹೋಗಿ ನೋಡಿ ಬಾ, ಪ್ರಸಾದ ಎತ್ತಿಟ್ಟಿರುತ್ತೇನೆ” ಎನ್ನುತ್ತಿದ್ದರೇನೋ.

ಆ ಪುಸ್ತಕವನ್ನು ಪಕ್ಕದ ಮನೆಯ ಸೊಸೆ ಒಯ್ದು ಮೂರು ವಾರವಾಯಿತು. ಅವಳು ಓದಿ ಮುಗಿಸಿದ್ದಾಳೆ. ಈಗ ಅವಳತ್ತೆ ಓದುತ್ತಿದ್ದಾರಂತೆ, ಕೈಕಾಲು ತೊಳೆಯದೆ, ಮಲಗಿಕೊಂಡೇ.