ಅವ್ವನ ಹಲ್ಲು, ನಲವತ್ತು ಮಂದಿಯ ಲೆಕ್ಕ

ಯಲವಿಗಿಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಬೆಂಗಳೂರಿನಲ್ಲಿರುವ ನನಗೆ ಎದೆ ಧಸಕ್ ಎನ್ನುತ್ತದೆ. ಅವತ್ತು ಅವ್ವನ ದವಡೆ ಹಲ್ಲಿನ ಸುದ್ದಿ. "ತಮ್ಮಾ, ಮೆಡಿಕಲ್‌ದಾಗ ಕೊಟ್ಟ ಗುಳಿಗಿ ಮೂರು ದಿನ ನುಂಗಿದೆ. ಕಡಿಮಿ ಆಗವಲ್ದು. ಕಿತ್ತಿಸಿ ಒಗದು ಬಿಡ್ತೀನಿ."

ಶನಿವಾರ ಊರಿಗೆ ಹೋಗಿ ಅವ್ವನನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕರಕೊಂಡು ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರ್ ಮೇಡಂ, ಹುಳುಕು ನರದವರೆಗೆ ಇಳಿದಿದೆ, ಆದರೆ ಬೇರು ಗಟ್ಟಿ ಇದೆ, ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ ಎಂದರು.

"ಅಲ್ಲೀತನಕ ಇನ್ನೂ ಸ್ಟ್ರಾಂಗ್ ಆಂಟಿಬಯಾಟಿಕ್ ಬರೀರಿ ಮೇಡಂ" ಅಂದೆ. ಅವರು ಬರೆಯಲಿಲ್ಲ. ನನಗೆ ಸಿಟ್ಟೇ ಬಂತು.

ಅವರು ಸಮಾಧಾನದಿಂದ ಹೇಳಿದರು. ಬಾತಿರುವುದು ಹಲ್ಲಿನ ಒಳಗಿನ ನರ. ಸುತ್ತ ಗಟ್ಟಿ ಗೋಡೆ, ಬಾವಿಗೆ ಜಾಗವಿಲ್ಲ, ಅದಕ್ಕೇ ಆ ಪರಿ ನೋವು. ಇಂಥದೇ ನೋವಿನ 40 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಗಿದೆ. ಕೆಲವರಿಗೆ ಪೆನ್ಸಿಲಿನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ, ಏಳು ದಿನ. ಎರಡೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಖ ಬಾತು ಜ್ವರ ಬಂದಿದ್ದರೆ ಮಾತು ಬೇರೆ.

"ಬರೇ ನಲವತ್ತು ಮಂದಿನಾ?" ಎಂದೆ. ಡೇಟಾ ನೋಡುವ ಕೆಲಸದವನ ಚಟ.

ಮೇಡಂ ನಕ್ಕರು. "ಸಣ್ಣದು ಹೌದ್ರಿ. ಆದ್ರ ಗುಳಿಗಿಯಿಂದ ಈ ನೋವು ಹೋಗತದ ಅನ್ನಾಕ ಅಷ್ಟೂ ಇಲ್ಲಲ್ರಿ!"

ನಾನು ಸುಮ್ಮನಾದೆ. ಲಾಗ್ ನೋಡದೆ ಕೋಡ್ ಮುಟ್ಟಬೇಡಿ ಎಂದು ಜೂನಿಯರ್‌ಗಳಿಗೆ ದಿನಾ ಹೇಳುವವನು, ಅವ್ವನ ವಿಷಯದಲ್ಲಿ ಅದನ್ನೇ ಮರೆತಿದ್ದೆ.

ಆಗ ಅವ್ವ ಬಾಯಿ ಬಿಟ್ಟಳು. "ಎಷ್ಟು ಸಲ ಬರಬೇಕ್ರಿ? ಮನ್ಯಾಗ ಎಮ್ಮಿ ಅದಾವ. ಇಂವ ನಾಳೆ ಬೆಂಗಳೂರಿಗೆ ಹೊಂಟ. ಕರಕೊಂಡು ಬರೋರು ಯಾರೂ ಇಲ್ಲ. ಅದಕ್ಕ ಕಿತ್ತಬಿಡ್ರಿ ಅಂದೆ."

ಹಲ್ಲು ಕೀಳಿಸುವ ಹಟದ ಹಿಂದೆ ಇದ್ದದ್ದು ಇದು. ನಾನು ಕೇಳಿಯೇ ಇರಲಿಲ್ಲ.

ಮೇಡಂ ಇದಕ್ಕೂ ಪುರಾವೆ ಹುಡುಕಿದರು. ಒಂದೇ ಪ್ರಶ್ನೆಯ ಮೇಲೆ ನಡೆದ ಪ್ರಯೋಗಗಳನ್ನು ಜರಡಿ ಹಿಡಿದು ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ರೂಟ್ ಕೆನಾಲ್ ಒಂದೇ ಭೇಟಿಯಲ್ಲಿ ಮುಗಿಸಬೇಕೋ, ಹಲವು ಭೇಟಿಯಲ್ಲೋ ಎಂಬ ಬಗ್ಗೆ 2022ರಲ್ಲಿ ಅದು 47 ಅಧ್ಯಯನಗಳನ್ನು ನೋಡಿತ್ತು. ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಆಧಾರ ಸಿಗಲಿಲ್ಲ. ಒಂದೇ ಭೇಟಿಯಾದರೆ ಮೊದಲ ವಾರ ನೋವು ಹೆಚ್ಚಿರಬಹುದು, ಅಷ್ಟೇ.

"ಪುರಾವೆ, ನನ್ನ ಕೈಯ ಅನುಭವ, ನಿಮ್ಮ ಅನುಕೂಲ ಮೂರೂ ಕೂಡಬೇಕ್ರಿ ಅವ್ವಾರ. ನಿಮ್ಮ ಹಲ್ಲು ಇವತ್ತ ಮುಗಿಸಾಕ ಬರತದ. ಕ್ಯಾಪ್‌ಗೆ ಮಾತ್ರ ಮತ್ತ ಬರಬೇಕು. ಏನಂತೀರಿ?"

"ಮೂರು ಹಡದಾಕಿ ನಾನು. ಒಂದು ವಾರದ ನೋವು ಏನು ಮಹಾ? ಮುಗಿಸ್ರಿ" ಅಂದಳು ಅವ್ವ.

ನಾಲ್ಕು ದಿನ ನೋವಿತ್ತು, ಆಮೇಲೆ ಇಳಿಯಿತು. ಮುಂದಿನ ತಿಂಗಳು ರಜೆ ಹಾಕಿ ನಾನೇ ಕ್ಯಾಪ್ ಹಾಕಿಸಿಕೊಂಡು ಬಂದೆ. ಈಗ ಅವ್ವ ಖಡಕ್ ರೊಟ್ಟಿ ಕಟುಂ ಎನ್ನಿಸುವುದು ಫೋನಿನಲ್ಲೂ ಕೇಳುತ್ತದೆ.

ಮನೆಯ ಹಿರಿಯರನ್ನು ದವಾಖಾನೆಗೆ ಕರೆದೊಯ್ಯುವಾಗ, ಈ ಔಷಧಕ್ಕೆ ಆಧಾರ ಏನು ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ. ಅದಕ್ಕೂ ಮೊದಲು, ನಿಮಗೆ ಏನು ಅಡಚಣೆ ಎಂದು ಅವರನ್ನು ಕೇಳಿ.