ಪೊಮುಚ್ ಗ್ರಾಮದ ಪಿತೃಗಳು

ಮೃತರನ್ನು ಸ್ಮರಿಸದ ಜನಾಂಗವು ಲೋಕದಲ್ಲಿ ಇಲ್ಲ. ಸ್ಮರಿಸುವ ವಿಧಾನವು ದೇಶಕ್ಕೊಂದು ಬಗೆ. ಈ ಮಾತನ್ನು ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಹೇಳಿದವನು ನಾನು. ಆದರೆ ಅದರ ಅರ್ಥವು ನನಗೆ ಗೋಚರವಾದುದು ಕಳೆದ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಮೆಕ್ಸಿಕೋ ದೇಶದ ಒಂದು ಸ್ಮಶಾನದಲ್ಲಿ.

ಆ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ನನ್ನನ್ನು ಕರೆಯಿಸಿಕೊಂಡಿದ್ದನು. ಅಲ್ಲಿ ನವೆಂಬರ್ ೧ ಮತ್ತು ೨ನೆಯ ತಾರೀಖುಗಳು ಮೃತರ ಹಬ್ಬದ ದಿನಗಳು. ೨೦೦೮ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಹಬ್ಬವನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ನಗರಗಳ ಮೆರವಣಿಗೆ, ಸಕ್ಕರೆಯ ತಲೆಬುರುಡೆ ಮೊದಲಾದವುಗಳನ್ನು ಬಿಟ್ಟು ನಾವು ಯುಕಟಾನ್ ಪರ್ಯಾಯದ್ವೀಪದ ಕಂಪೆಚೆ ಪ್ರಾಂತಕ್ಕೆ ಹೋದೆವು. ಅಲ್ಲಿಯ ಹಳ್ಳಿಗರಲ್ಲಿ ಬಹುಮಂದಿ ಮಾಯಾ ಜನಾಂಗದವರು. ಸ್ಪೇನಿನವರು ಬರುವುದಕ್ಕೆ ಬಹುಕಾಲ ಮೊದಲೇ ಶಿಲಾದೇವಾಲಯಗಳನ್ನು ಕಟ್ಟಿ ಗ್ರಹಗತಿಯನ್ನು ಗಣಿಸಿದವರ ಸಂತತಿ. ಈಗ ಕ್ರೈಸ್ತರಾಗಿದ್ದರೂ ಹಬ್ಬವನ್ನು ತಮ್ಮ ನುಡಿಯಲ್ಲಿ 'ಹನಾಲ್ ಪಿಶಾನ್' ಎಂದು ಕರೆಯುತ್ತಾರೆ. 'ಆತ್ಮಗಳ ಭೋಜನ'ವೆಂದು ಅದರ ಅರ್ಥ.

ಪೊಮುಚ್ ಆ ಪ್ರಾಂತದ ಒಂದು ಸಣ್ಣ ಊರು. ಅಲ್ಲಿ ಶವವನ್ನು ಸಮಾಧಿಮಾಡಿ ಮೂರು ವರ್ಷಗಳಾದರೂ ಕಳೆದ ಮೇಲೆ ಅಸ್ಥಿಗಳನ್ನು ಹೊರತೆಗೆಯುತ್ತಾರೆ. ಮರದ ಪೆಟ್ಟಿಗೆಯಲ್ಲಿ ಕಸೂತಿಯ ಬಟ್ಟೆ ಹಾಸಿ, ಉದ್ದನೆಯ ಎಲುಬುಗಳನ್ನು ಕೆಳಗೂ ತಲೆಬುರುಡೆಯನ್ನು ಮೇಲೂ ಇರಿಸಿ, ಸ್ಮಶಾನದ ಗೂಡುಗಳಲ್ಲಿ ಇಡುತ್ತಾರೆ. ಪ್ರತಿವರ್ಷವೂ ಹಬ್ಬಕ್ಕೆ ಮುಂಚೆ ಮನೆಯವರು ಬಂದು, ಅಸ್ಥಿಗಳ ಧೂಳನ್ನು ಒಂದೊಂದಾಗಿ ಒರೆಸಿ, ಹಳೆಯ ಬಟ್ಟೆಯನ್ನು ತೆಗೆದು ಹೊಸದನ್ನು ಹಾಸುತ್ತಾರೆ. ಸತ್ತವರಿಗೆ ಹೊಸ ಉಡುಗೆ ಉಡಿಸಿದಂತೆ ಎಂಬುದು ಅವರ ಭಾವನೆ.

ಅಸ್ಥಿಸ್ಪರ್ಶವಾದರೆ ಸ್ನಾನಮಾಡಬೇಕೆಂದು ಕಲಿತ ದೇಹ ನನ್ನದು. ಬಾಗಿಲಲ್ಲಿಯೇ ನಿಂತೆನು. ಒಳಗೆ ಒಬ್ಬ ಮುದುಕನು ತನ್ನ ಹೆಂಡತಿಯ ತಲೆಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಮುಖ ಒರೆಸುವಂತೆ ಒರೆಸುತ್ತಿದ್ದನು. ನನ್ನನ್ನು ಕಂಡು, ನನಗೆ ಹೆಂಡತಿ ಇರುವಳೇ ಎಂದು ಮಗನ ಮೂಲಕ ಕೇಳಿದನು. ತೀರಿಕೊಂಡು ನಾಲ್ಕು ವರ್ಷವಾಯಿತೆಂದೆನು. "ಎಲ್ಲಿದ್ದಾಳೆ?" "ಅಸ್ಥಿಯನ್ನು ನದಿಯಲ್ಲಿ ಬಿಟ್ಟೆವು." "ಹಾಗಾದರೆ ನೀವು ಹೋಗಿ ಆಕೆಯನ್ನು ನೋಡುವುದೆಲ್ಲಿ?"

ಈ ಪ್ರಶ್ನೆಗೆ ನಾನು ಓದಿದ ಶಾಸ್ತ್ರದಲ್ಲಿ ಉತ್ತರವಿರಬಹುದು. ಆಗ ಒಂದೂ ಹೊಳೆಯಲಿಲ್ಲ. ಆಕೆಯ ಅಸ್ಥಿಸಂಚಯನದ ದಿನ ನೆನಪಾಯಿತು. ಬೂದಿಯೊಳಗಿಂದ ಅವನ್ನು ಆರಿಸಿದುದು ಇದೇ ಕೈಗಳಲ್ಲವೆ? ಅಂದು ಯಾವ ಅಸಹ್ಯವೂ ತೋರಿರಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯವರೆಗೆ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡೇ ಹೋಗಿದ್ದೆನು. ಮಗನು ಅಂದು ಊರಿಗೆ ಬಂದು ಮುಟ್ಟಲಾಗಿರಲಿಲ್ಲ. ಮುದುಕನ ಮಾತನ್ನು ನನಗೆ ಹೇಳುತ್ತಿದ್ದವನು ಅಲ್ಲಿಗೆ ನಿಲ್ಲಿಸಿ ಮುಖ ತಿರುಗಿಸಿಕೊಂಡನು. ನಾನು ಬಾಗಿಲು ದಾಟಿ ಒಳಗೆ ಹೋಗಿ, ಹೊಸ ಬಟ್ಟೆಯ ಒಂದು ತುದಿಯನ್ನು ಹಿಡಿದೆನು. ಇನ್ನೊಂದು ತುದಿಯನ್ನು ಮಗನು ಹಿಡಿದನು.

ಹಬ್ಬದ ದಿನ ಆ ಮುದುಕನ ಮನೆಯಲ್ಲಿ ನಾವು ಅತಿಥಿಗಳು. ಹಿತ್ತಿಲಿನ ಗುಂಡಿಯಲ್ಲಿ ಕಲ್ಲುಗಳನ್ನು ಕಾಯಿಸಿ, ಜೋಳದ ಹಿಟ್ಟಿನಲ್ಲಿ ಕೋಳಿಯ ಮಾಂಸವಿಟ್ಟ ದೊಡ್ಡ ಕಡುಬನ್ನು ಬಾಳೆಯೆಲೆಯಲ್ಲಿ ಸುತ್ತಿ ಹೂತು, ಮೇಲೆ ಮಣ್ಣು ಮುಚ್ಚಿ ಬೇಯಿಸಿದ್ದರು. ನನಗೆ ಹಣ್ಣು, ರೊಟ್ಟಿಗಳಾದವು. ಮೇಜಿನ ಮೇಲೆ ದೀಪ, ನೀರು, ಧೂಪ, ಭಾವಚಿತ್ರ, ರಾಶಿ ಚೆಂಡುಹೂವು. ನಮ್ಮ ಹೂವು ಇಲ್ಲಿಗೂ ಬಂದಿತೆ ಎಂದೆನು. ಅದು ಇಲ್ಲಿಯದೇ ಎಂದು ಮಗನು ನಕ್ಕನು. ನಿಜವೇ, ನಾವು ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ, ಯುರೋಪಿನ ನಾವಿಕರ ಕಾಲದಲ್ಲಿ ಕಡಲು ದಾಟಿ ನಮ್ಮಲ್ಲಿಗೆ ಬಂದುದು. ಮನೆಯ ಹಿರಿಯ ಸೊಸೆಯು ಪಕ್ಕದಲ್ಲಿ ಇನ್ನೊಂದು ಪಾಲನ್ನು ಬೇರೆಯಾಗಿ ಇಟ್ಟಳು. ಅದು ನೆನೆಯುವವರು ಯಾರೂ ಇಲ್ಲದ ಆತ್ಮಕ್ಕಂತೆ.

ವಾಚಕರೆ, ತಿಲತರ್ಪಣದ ಕೊನೆಯಲ್ಲಿ ತಾಯಿ ತಂದೆ ಬಂಧುಗಳಿಲ್ಲದವರಿಗೂ ನಾವು ನೀರು ಬಿಡುವುದುಂಟು. ಆ ಮಂತ್ರವನ್ನು ಇದುವರೆಗೆ ಬಾಯಿಪಾಠದಂತೆ ಹೇಳುತ್ತಿದ್ದೆನು. ಈ ಸಲದ ಮಹಾಲಯಕ್ಕೆ ಮಗನು ಊರಿಗೆ ಬಂದನು. ಇಬ್ಬರೂ ಪಶ್ಚಿಮವಾಹಿನಿಯ ನೀರಿನಲ್ಲಿ ನಿಂತೆವು. ಆಕೆಯ ಹೆಸರು ಹೇಳಿ ನೀರು ಬಿಟ್ಟಾದ ಮೇಲೆ, ಪೊಮುಚ್ಚಿನ ಆ ಕಸೂತಿಯ ಬಟ್ಟೆಯ ಮೇಲಿದ್ದ ಹೆಸರನ್ನೂ ಒಮ್ಮೆ ನೆನೆದೆನು.